ಹೆಂಡತಿ ಹೆಸರಿನ ಪರವಾನಗಿ

ದುಡ್ಡಿಲ್ಲದವನು ದೊಡ್ಡ ಬೇಟೆ ಆಡಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎನ್ನುವುದು ವರ್ಲಿನ್ ಥೋರ್ಸನ್ನನ ಬಹುಕಾಲದ ತಕರಾರು. ವಿಸ್ಕಾನ್ಸಿನ್ನಿನ ತನ್ನೂರ ಕಾಡಿನಲ್ಲಿ ಅವನು ಬೇಕಾದಷ್ಟು ಜಿಂಕೆ ಹೊಡೆದಿದ್ದ. ಆದರೆ ಎಲ್ಕ್ ಮಾತೇ ಬೇರೆ. ಕುದುರೆಯಷ್ಟು ಎತ್ತರದ ಆ ಕಡವೆ ಬೆಟ್ಟದಲ್ಲಿ ಕೂಗುವುದನ್ನು ಕಿವಿಯಾರೆ ಕೇಳಿ, ಒಂದನ್ನಾದರೂ ಕೆಡವಿ ಬರಬೇಕೆಂಬ ಆಸೆ ಮದುವೆಗೂ ಮುಂಚಿನದು. ಈಗ ಎಡಮೊಣಕಾಲು ಮೆಟ್ಟಿಲು ಹತ್ತುವಾಗಲೇ ಲಟಲಟ ಅನ್ನುತ್ತಿತ್ತು. ಈ ವರ್ಷ ಆಗದಿದ್ದರೆ ಇನ್ನಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಮೊಣಕಾಲಿಗೂ ಗೊತ್ತಿತ್ತು.

ಅವನು ಆರಿಸಿಕೊಂಡದ್ದು ದೂರದ ನ್ಯೂ ಮೆಕ್ಸಿಕೊದ ಬೆಟ್ಟಗಳನ್ನು. ಅಲ್ಲಿಯ ಮಾರ್ಗದರ್ಶಿಗಳು ಕೇಳುವ ದುಡ್ಡಿಗೆ ಒಂದು ಹಳೆ ಟ್ರ್ಯಾಕ್ಟರ್ ಬರುತ್ತದೆ. ಹಾಗಾಗಿ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಮಿತವ್ಯಯ ಮಹಾಯಜ್ಞ ಕೈಗೊಂಡ. ಹೋಟೆಲ್ ಬೇಡ, ಪಿಕಪ್ಪಿನ ಹಿಂಬದಿಯಲ್ಲೇ ನಿದ್ದೆ. ಊಟಕ್ಕೆ ಮನೆಯ ಜಿಂಕೆ ಸಾಸೇಜು, ಡಬ್ಬಿಯ ಬೀನ್ಸ್. ಮಾರ್ಗದರ್ಶಿ ದಂಡ, ಅಡುಗೆಯವನು ಅದಕ್ಕಿಂತ ದಂಡ. (ಅವನ ಹೆಂಡತಿ ಆರ್ಡಿಸ್ ಆ ನಕ್ಷೆಯ ಅಂಚು ಮಡಚಿ, ತಟ್ಟೆಗೆ ಜಾಗ ಮಾಡಿಕೊಂಡು ಊಟ ಮಾಡುತ್ತಿದ್ದಳು.)

ಇಷ್ಟಾದರೂ ಎಲ್ಕ್ ಹೊಡೆಯುವ ಪರವಾನಗಿ ಬರಬೇಕಾದದ್ದು ಸರ್ಕಾರದ ಲಾಟರಿಯಲ್ಲಿ. ಆಗ ಹೊಳೆಯಿತು ಉಪಾಯ: ಆರ್ಡಿಸ್ ಹೆಸರನ್ನೂ ಹಾಕಿದರೆ ಮನೆಗೆ ಎರಡು ಅವಕಾಶ. ಅವರ ಕಡೆ ಗುಂಪಿನಲ್ಲಿ ಬೇಟೆಯಾಡುವಾಗ ಒಬ್ಬನ ಪರವಾನಗಿಯ ಜಿಂಕೆಯನ್ನು ಜೊತೆಯಲ್ಲಿರುವ ಇನ್ನೊಬ್ಬ ಹೊಡೆದರೂ ನಡೆಯುತ್ತದೆ, ಕಾನೂನೇ ಒಪ್ಪಿದೆ. ಪರವಾನಗಿ ಅವಳದು, ಗುಂಡು ತನ್ನದು ಎಂದು ವರ್ಲಿನ್ ಲೆಕ್ಕ ಹಾಕಿದ.

"ನಿನ್ನ ಹೆಸರೂ ಹಾಕ್ತೀನಿ ಕಣೇ. ನೀನೇನೂ ಮಾಡೋದು ಬೇಡ, ಸುಮ್ನೆ ಜೊತೆಗಿದ್ರೆ ಸಾಕು."

ಆರ್ಡಿಸ್ ನಕ್ಷೆಯ ಅಂಚು ಮಡಚುತ್ತ, "ಹಾಕು," ಅಂದಳು. ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದಾಗ ಗಂಡನಾದವನು ಎಚ್ಚೆತ್ತುಕೊಳ್ಳಬೇಕು. ವರ್ಲಿನ್ ಎಚ್ಚೆತ್ತುಕೊಳ್ಳಲಿಲ್ಲ.

ವಸಂತದಲ್ಲಿ ಫಲಿತಾಂಶ ಬಂತು. ಅವನಿಗಿಲ್ಲ, ಅವಳಿಗಿದೆ. ಅವನು ಕುಣಿಯುವುದೊಂದು ಬಾಕಿ (ಮೊಣಕಾಲು ಬಿಡಲಿಲ್ಲ). ಬಂದೂಕಿಗೆ ಎಣ್ಣೆ ಹಾಕಲು ಕೂತವನ ಎದುರು ಆರ್ಡಿಸ್ ಬಂದು ಕೈಚಾಚಿದಳು.

"ಇತ್ಲಾಗ್ ಕೊಡು. ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಯಾರ ಹೆಸರಿಗೆ ಬಂದಿದ್ಯೋ ಅವರೇ ಹೊಡೀಬೇಕು. ನೀನು ಹೊಡೆದ್ರೆ ಕೇಸು."

"ನಿಂಗ್ಯಾರು ಹೇಳಿದ್ದು?"

"ನೀನು ಹೆಸರು ಹಾಕೋಕ್ ಮುಂಚೆನೇ ಓದ್ಕೊಂಡಿದ್ದೆ."

"ಹೇಳ್ಬಾರ್ದಿತ್ತಾ?"

"ನೀನು ಕೇಳ್ಬಾರ್ದಿತ್ತಾ? ನಂಗೂ ಬೇಟೆಗೆ ಬರಬೇಕು ಅನ್ಸತ್ತಾ ಅಂತ ಮದುವೆ ಆದಾಗಿಂದ ಒಂದ್ಸಲ ಕೇಳಿದ್ದೀಯಾ?"

ವರ್ಲಿನ್ ಎಣ್ಣೆ ಬಟ್ಟೆಯ ಸಮೇತ ಬಂದೂಕನ್ನು ಅವಳ ಕೈಗಿಟ್ಟ. ಹುಡುಗಿಯಾಗಿದ್ದಾಗಲೇ ಅಪ್ಪನ ಹೊಲದಂಚಿನಲ್ಲಿ ಜಿಂಕೆ ಹೊಡೆದವಳು ಆರ್ಡಿಸ್. ಮದುವೆಯಾದ ಮೇಲೆ, ಗಂಡಸರೇ ಹೋಗುವ ಬೇಟೆ ಬಿಡಾರಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಅವನು ಹೊಡೆದು ತಂದ, ಅವಳು ಕೊಯ್ದು, ಕಾಗದದಲ್ಲಿ ಸುತ್ತಿ, ಫ್ರೀಜರಿಗೆ ತುಂಬಿದಳು. ಇದರಲ್ಲಿ ಯೋಚಿಸುವಂಥದ್ದೇನಾದರೂ ಇದೆಯೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಈಗ ಅನ್ನಿಸಿತು, ನಾಚಿಕೆಯೂ ಆಯಿತು. ಹಾಗೆಂದು ಹೊಟ್ಟೆಯುರಿ ಕಡಿಮೆಯೇನೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಹೊರಟರು. ಮಿತವ್ಯಯದ ಯೋಜನೆ ಎಳ್ಳಷ್ಟೂ ಬದಲಾಗಲಿಲ್ಲ, ಅದನ್ನು ಅನುಭವಿಸುವ ಪಾಲು ಮಾತ್ರ ಪೂರ್ತಿ ಅವನಿಗೇ ಬಂತು. ಹೊಡೆಯುವವರಿಗೆ ಒಳ್ಳೆ ನಿದ್ದೆ ಬೇಕೆಂದು ಆರ್ಡಿಸ್ ಪಿಕಪ್ಪಿನ ಮುಂದಿನ ಸೀಟು ಒರಗಿಸಿಕೊಂಡು ಬೆಚ್ಚಗೆ ಮಲಗಿದಳು. ಹಿಂಬದಿಯ ತಗಡು ವರ್ಲಿನ್ನಿಗೆ. ಬೀನ್ಸ್ ಬಿಸಿಮಾಡಿದವನೂ ಅವನೇ, ನೀರು ಹೊತ್ತವನೂ ಅವನೇ.

ಒಂದು ಮುಂಜಾನೆ ಬೆಟ್ಟದ ಓರೆಯಿಂದ ಆ ಕೂಗು ಎದ್ದಿತು. ವರ್ಲಿನ್ನನ ಕಣ್ಣು ತುಂಬಿಬಂತು. ಪಕ್ಕದಲ್ಲಿ ಆರ್ಡಿಸ್ ಮರಕ್ಕೆ ಬಂದೂಕು ಆನಿಸಿ ಉಸಿರು ಹಿಡಿದಿದ್ದಳು. ಇಷ್ಟು ವರ್ಷ ಎದುರು ಕೂತು ಉಂಡ ಆ ಮುಖವನ್ನು ಅವನು ಹಾಗೆ ಕಂಡೇ ಇರಲಿಲ್ಲ. ಅದನ್ನೇ ನೋಡುತ್ತ ನಿಂತುಬಿಟ್ಟ. ಗುಂಡು ಹಾರಿತು. ಜನ್ಮಕ್ಕೊಮ್ಮೆ ನೋಡಬೇಕೆಂದು ಬಂದ ಎಲ್ಕನ್ನು ಅವನು ನೋಡಿದ್ದು ಅದು ಬಿದ್ದ ಮೇಲೆಯೇ.

"ನೋಡಿದ್ಯಾ?" ಅಂದಳು ಅವಳು.

"ನೋಡ್ದೆ," ಅಂದ ಅವನು. ಅದು ಸುಳ್ಳಾಗಿರಲಿಲ್ಲ.

ನವೆಂಬರಿನಲ್ಲಿ ಬೇಟೆ ಬಿಡಾರದ ಹಳೆ ಗೆಳೆಯ ಓರ್ಡೆಲ್ ಫೋನು ಮಾಡಿದ. ಆ ವರ್ಷ ಎಲ್ಲರಿಗಿಂತ ದೊಡ್ಡದನ್ನು ಹೊಡೆದವರು ಒಲೆಯ ಪಕ್ಕ ಕೂತು ಕಥೆ ಹೇಳುವುದು ಅಲ್ಲಿಯ ಪದ್ಧತಿ. ವರ್ಲಿನ್ ಕಥೆಗೆ ಒಂದಿಷ್ಟು ಒಗ್ಗರಣೆ ಹಾಕಿ ಸಿದ್ಧ ಮಾಡಿಟ್ಟುಕೊಂಡಿದ್ದ.

"ಆರ್ಡಿಸ್‌ನ ಕರ್ಕೊಂಡ್ ಬಾ ಮಾರಾಯ. ಎಲ್ರೂ ಸೇರಿ ತೀರ್ಮಾನ ಮಾಡಿದ್ದೀವಿ," ಅಂದ ಓರ್ಡೆಲ್.

"ಅವಳಿಗೆ ಮಲಗೋಕೆ ಮಂಚ ಎಲ್ಲಿದೆ ಅಲ್ಲಿ?"

"ನಿಂದೇ ಇದ್ಯಲ್ಲ."

"ಮತ್ತೆ ನಾನು?"

"ನಿನ್ನ ಪಿಕಪ್ ಇದ್ಯಲ್ಲ. ಬೀನ್ಸ್ ಬಲು ಚೆನ್ನಾಗ್ ಬಿಸಿ ಮಾಡ್ತೀಯಂತೆ, ಆರ್ಡಿಸ್ ಹೇಳಿದ್ಲು."

ವರ್ಲಿನ್ ಫೋನಿಟ್ಟು, ನೀರಿನ ಕ್ಯಾನು ಹುಡುಕಲು ಹೋದ.