ಇಬ್ಬರು ಕೂರುವ ನನ್ನ ವಿಮಾನ

ವಳಸಂಗದಲ್ಲಿ ನನಗೊಂದು ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಎಂಜಿನ್ನನ್ನೇ ಪಳಗಿಸಿದವನಿಗೆ ವಿಮಾನ ಯಾವ ಲೆಕ್ಕ?

ರದ್ದಿಯಲ್ಲಿ ಸಿಕ್ಕ ಹಳೆಯ ಮರಾಠಿ ಮಾಸಿಕದಲ್ಲಿ ಸಮಸ್ತ ಜ್ಞಾನವೂ ಇತ್ತು. ಎರಡು ಮಹಾಯುದ್ಧಗಳ ನಡುವೆ ವಿಲಾಯತಿಯ ಒಬ್ಬ ಎಂಜಿನಿಯರ್ ಇಬ್ಬರು ಕೂರುವ ಹಗುರ ವಿಮಾನ ಕಟ್ಟಿದ್ದ. ಮೊದಲನೆಯದರಲ್ಲಿ ಮುಖಕ್ಕೆ ಗಾಳಿ ಬಡಿಯಿತು. ಎರಡನೆಯದಕ್ಕೆ ಮೇಲೆ ಚಾವಣಿ, ಬದಿಗೆ ಬಾಗಿಲು ಬಂದವು. ಮೂರನೆಯದಕ್ಕೆ ಎರಡು ಜೋಡಿಯ ಬದಲು ಒಂದೇ ಜೋಡಿ ರೆಕ್ಕೆ; ಅವನ್ನು, ಕೊಟ್ಟಿಗೆಯಲ್ಲಿ ಹಿಡಿಸಲೆಂದು, ಹಿಂದಕ್ಕೆ ಮಡಚುವಂತೆ ಮಾಡಿದ. ಇಷ್ಟಕ್ಕೆ ಅವನಿಗೆ ವರ್ಷಗಟ್ಟಲೆ ಹಿಡಿಯಿತು. ನಾನು ಜಾಣ. ನೇರ ಮೂರನೆಯದಕ್ಕೇ ಕೈಹಾಕಿದೆ!

ಬಿದಿರು, ತಗಡು, ಮೋಟಾರ್ ಸೈಕಲ್ಲಿನ ಎಂಜಿನ್ ಎಲ್ಲ ಕೂಡಿದವು. ರೆಕ್ಕೆಗೆ ಮಾತ್ರ ಬಟ್ಟೆ ಸಾಲಲಿಲ್ಲ. ಹೆಂಡತಿ ಗಂಗವ್ವನ ಇಳಕಲ್ ಸೀರೆ ಕೇಳಿದೆ.

"ನಮ್ಮವ್ವ ಕೊಟ್ಟ ಸೀರಿ ಅದು. ಕೊಡ್ತೀನಿ, ಆದ್ರ ಎರಡನೇ ಖುರ್ಚಿ ನಂದು. ಡಫಳಾಪುರಕ್ಕ ನಮ್ಮ ತವರಮನಿ ಮುಂದನ ಇಳಿಸಬೇಕು ನೋಡ್ರಿ!"

ಒಪ್ಪಿದೆ. ಅವಳು ಅಂದೇ ತಮ್ಮನಿಗೆ ಸುದ್ದಿ ಕಳಿಸಿದಳು. ಅಲ್ಲಿ ಹಾರ, ಹೋಳಿಗೆ ಸಿದ್ಧವಾದವು. ಇನ್ನು ಹಾರದಿದ್ದರೆ ಅಳಿಯನ ಮರ್ಯಾದೆ ಉಳಿಯುವಂತಿರಲಿಲ್ಲ.

ಹಾರುವ ದಿನ ಬೆಳಿಗ್ಗೆ ಇಬ್ಬರೂ ಹತ್ತಿ ಕೂತೆವು. ಹೊಲದಲ್ಲಿ ಎಂಜಿನ್ ಗುಡುಗಿತು. ವಿಮಾನ ಓಡಿತು. ವೇಗ ಏರಿತು. ರೆಕ್ಕೆಗಳು, ಮಾಸಿಕದಲ್ಲಿ ಹೇಳಿದಂತೆಯೇ, ಹಿಂದಕ್ಕೆ ಮಡಚಿಕೊಂಡವು! ನಾವು ಸೀದಾ ಜೋಳದ ಕಣಿಕೆಯ ಬಣವೆಗೆ ನುಗ್ಗಿ ನಿಂತೆವು. ಮಡಚಿದ ರೆಕ್ಕೆಗಳು ಎರಡೂ ಬಾಗಿಲುಗಳನ್ನು ಒತ್ತಿ ಹಿಡಿದಿದ್ದವು.

ಕುರಿ ಕಾಯುವ ಮಾಳಪ್ಪ ಕಿಟಕಿಯಲ್ಲಿ ಇಣುಕಿದ. "ಸಾವಕಾರ್ರ, ಇಳದೀರೋ, ಇನ್ನೂ ಏರೇ ಇಲ್ಲೋ?"

"ಮೊದಲ ಬಾಗಲಾ ತಗಿಯೋ!" ಎಂದು ಕೂಗಿದೆ.

"ರೆಕ್ಕಿ ಸಿಕ್ಕೊಂಡಾವ್ರಿ. ಬಟ್ಟಿ ಕೊಯ್ಯಬೇಕು," ಎಂದು ಕುಡುಗೋಲು ತೆಗೆದ.

"ಸೀರಿ ಮುಟ್ಟಿದ್ರ ನೋಡು!" ಗಂಗವ್ವ ಗುಡುಗಿದಳು, ಎಂಜಿನ್ನಿಗಿಂತ ಜೋರಾಗಿ. "ನಮ್ಮ ತವರಿನ್ಯಾಗ ಚಲೋ ಬಡಿಗ್ಯಾ ಅದಾನ, ಸೀರಿ ಕೊಯ್ಯದ ರೆಕ್ಕಿ ಬಿಚ್ಚತಾನ. ಎತ್ತು ಹೂಡಿ ಹಿಂಗ ಎಳಕೊಂಡು ನಡಿ."

ಹೀಗೆ ನಮ್ಮ ವಿಮಾನಯಾನ ಆರಂಭವಾಯಿತು. ಎದುರಿಗೆ ಬಂದವರೆಲ್ಲ ನಿಂತು ಕೈಮುಗಿದರು. ದೇವರ ಪಲ್ಲಕ್ಕಿ ಅಂದುಕೊಂಡರೋ ಏನೋ!

ಸಂಜೆಗೆ, ಕೊಟ್ಟ ಮಾತಿನಂತೆ, ತವರುಮನೆಯ ಮುಂದೆಯೇ ಇಳಿಸಿದೆ. ಅಂದರೆ, ನಿಲ್ಲಿಸಿದೆ. ಹಾರ ಹಿಡಿದು ಬಂದ ಗಂಗವ್ವನ ತಮ್ಮ ನನ್ನನ್ನು ನೋಡಿದ, ಎತ್ತುಗಳನ್ನು ನೋಡಿದ.

"ಮಾಮಾ, ನೀವು ಕುಂತಲ್ಲೇ ಬಂದೀರಿ. ದಣದಿದ್ದು ಇವು," ಎಂದು ಹಾರವನ್ನು ಎತ್ತಿನ ಕೊರಳಿಗೆ ಹಾಕಿದ. ಮೊದಲ ಹೋಳಿಗೆಯೂ ಅತ್ತಲೇ ಹೋಯಿತು.

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಒಳಗಿನಿಂದಲೇ. ಬಡಿಗೇರ ಊಟಕ್ಕೆ ಹೋಗಿದ್ದ!