ಪಡಸಾಲೆಯ ಗೋಡೆಗೆ ಹಾಸಿದ ಸಮುದ್ರ

ಶಹಾಬಾದಿನ ಅಮೃತಪ್ಪ ಮಿಸ್ತ್ರಿ ಒಮ್ಮೆ ಸಮುದ್ರವನ್ನೇ ಮನೆಗೆ ತರುತ್ತೇನೆಂದು ಶಪಥ ಮಾಡಿಬಿಟ್ಟ! ಮಾಡಿದ್ದು ಹೆಂಡತಿ ಭಾಗಮ್ಮನ ಮುಂದೆ. ಸಾಕ್ಷಿಗೆ ಪಕ್ಕದ ಮನೆಯ ಮಾಶಾಬಿ. ಇನ್ನು ಹಿಂದೆ ಸರಿಯುವುದೆಲ್ಲಿಂದ ಬಂತು?

ಅಮೃತಪ್ಪನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎದ್ದೇ ಇರುತ್ತಿತ್ತು. ಆದರೆ ನೆಲಕ್ಕೆ ಫರಸಿ ಕಲ್ಲು ಹಾಸುವುದರಲ್ಲಿ ಅವನನ್ನು ಮೀರಿಸುವವರು ಹುಟ್ಟಿರಲಿಲ್ಲ. ನಿಜಾಮರ ಆಳ್ವಿಕೆ ಹೋದ ಹೊಸದರಲ್ಲಿ ಮುಂಬಯಿಯ ಶೇಟಜಿಯೊಬ್ಬರು ತಮ್ಮ ಬಂಗಲೆಗೆ ಫರಸಿ ಹಾಸಲು ಇವನನ್ನೇ ಕರೆಸಿದರು. ಆಗಲೇ ಭಾಗಮ್ಮ ಬಾಯಿಬಿಟ್ಟಳು.

"ರೀ, ನನ್ನೂ ಕರ್ಕೊಂಡು ಹೋಗ್ರಿ. ಸಣ್ಣಾಕಿ ಇದ್ದಾಗಿಂದ ಮುಂಬಯಿ ಮೇಲ್ ಗಾಡಿ ಹೋಗೂದೇ ನೋಡಾಕತ್ತೀನಿ. ಅದು ಹೋಗಿ ನಿಂದ್ರೂ ಊರಾಗಿನ ಸಮುದ್ರ ಒಮ್ಮಿ ನೋಡಬೇಕು."

"ಸಮುದ್ರದಾಗ ಏನದ? ಬರೇ ನೀರು! ನೀ ಅಷ್ಟು ದೂರ ಯಾಕ ಬರ್ತಿ, ಅದನ್ನೇ ಫೋಟೋ ಹಿಡಿದು ಇಲ್ಲಿಗಿ ತರ್ತೀನಿ. ಸಮುದ್ರ ನೋಡಿದಂಗ ಆಗಲಿಲ್ಲ ಅಂದಿ ಅಂದ್ರ, ಮುಂದಿನ ಗಾಡಿಗೇ ನಿನ್ನ ಕರ್ಕೊಂಡು ಹೋಗ್ತೀನಿ. ಆಯ್ತಿಲ್ಲೋ?"

ಬಜಾರದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಅಬ್ದುಲ್ ಗನಿ ಡಬ್ಬಿ ಕ್ಯಾಮೆರಾ ಕೊಟ್ಟ, ಜೊತೆಗೆ ಪಾಠವನ್ನೂ ಹೇಳಿದ.

"ಮಿಸ್ತ್ರಿ, ಸಮುದ್ರ ಒಂದು ಫೋಟೋದಾಗ ಹಿಡಿಯಂಗಿಲ್ಲ. ನಿಂತಲ್ಲೇ ನಿಂತು ಜರಾ ಜರಾ ತಿರಗಿ ಸಾಲಾಗಿ ಹೊಡೀರಿ. ಪ್ರತಿ ಫೋಟೋದಾಗ ಹಿಂದಿಂದು ಒಂದೀಟು ಬರ್ಲಿ. ಜೋಡಸೂ ಮುಂದ ಅದರ ಮ್ಯಾಲ ಇದನ್ನ ಏರಸಬೇಕು."

"ಜೋಡಸೂದು ನನಗ ಕಲಸ್ತಿಯೇನೋ ಗನಿ? ನಾ ಹಾಸಿದ ಫರಸಿ ನಡುವ ಕೂದಲ ಹೋಗಂಗಿಲ್ಲ!"

ಮುಂಬಯಿಯಿಂದ ಬಂದವನೇ ಗನಿಯ ಕಡೆ ಫೋಟೋ ದೊಡ್ಡದು ಮಾಡಿಸಿ, ಮೈದಾ ಅಂಟು ಕಾಯಿಸಿ, ಪಡಸಾಲೆಯ ಗೋಡೆಯ ಮುಂದೆ ನಿಂತ. ಒಂದರ ಮೇಲೊಂದು ಏರಿಸುವುದಂತೆ! ಫರಸಿಯನ್ನು ಹಾಗೆ ಹಾಸಿದವರುಂಟೇ? ಅಂಚಿಗೆ ಅಂಚು ಕೂಡಿಸಿ ಗೋಡೆಯುದ್ದಕ್ಕೂ ಅಂಟಿಸಿಯೇಬಿಟ್ಟ. ಭಾಗಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಹಳ ಹೊತ್ತು ನೋಡಿದಳು.

"ರೀ, ಈ ಛತ್ರಿ ಹಿಡದ ಮುದುಕಗ ಅವಳಿ ತಮ್ಮ ಅದಾನೇನ್ರಿ?"

"ಯಾಕ?"

"ಇಲ್ಲೊಬ್ಬ ನಿಂತಾನ, ಮಗ್ಗಲಾಗ ಮತ್ತೊಬ್ಬ. ಅದೇ ಛತ್ರಿ, ಅದೇ ಹರಕ ಧೋತ್ರ. ಈ ದೋಣಿಗೂ ಜೋಡಿ ಅದ, ಆ ಗಿಡಕ್ಕೂ ಜೋಡಿ ಅದ!"

ಅಮೃತಪ್ಪ ಅಂಟು ಒಣಗುವ ಮೊದಲೇ ಎಲ್ಲವನ್ನೂ ಕಿತ್ತ. ಕತ್ತರಿ ಹಿಡಿದು ಎರಡನೆಯ ಮುದುಕನನ್ನು ಕತ್ತರಿಸಿದ. ಅವನ ಜೊತೆ ಒಂದೇ ಒಂದಿದ್ದ ಹಡಗಿನ ಬಾಲವೂ ಹೋಯಿತು! ಬಾಲ ಹುಡುಕಲು ಮಂಚದ ಕೆಳಗೆ ತೆವಳಿದ, ಎದ್ದ, ಅಂಟಿನ ಬೋಗುಣಿಯಲ್ಲೇ ಕಾಲಿಟ್ಟ. ಕೊನೆಗೆ, "ಫರಸಿಗಿ ಕಟ್ಟಿದಂಗ ದಾರ ಕಟ್ಟದೇ ಮಾಡಿದ್ದೇ ತಪ್ಪಾತು" ಎಂದುಕೊಂಡು, ಗೋಡೆಯ ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ಅದರ ಗುಂಟ ಒಂದೊಂದೇ ತುಂಡನ್ನು ಕೂರಿಸಿದ. ಮುದುಕ ಈಗ ಒಬ್ಬನೇ! ಹಡಗಿಗೆ ಬಾಲವೂ ಬಂತು! ಮೀಸೆ ತಿರುವಿ ಮಾಶಾಬಿಯನ್ನೂ ಕೂಗಿ ಕರೆದ.

ಮಾಶಾಬಿ ಬಂದಳು. ಕುತ್ತಿಗೆ ಒಂದು ಕಡೆ ವಾಲಿಸಿದಳು.

"ಅಣ್ಣಾ, ನಿಮ್ಮ ಗೋಡಿ ವಾಲ್ಯದೋ, ಸಮುದ್ರ ವಾಲ್ಯದೋ?"

ಅಮೃತಪ್ಪ ತಿರುಗಿ ನೋಡಿದ. ಸಮುದ್ರ ಬಾಗಿಲ ಕಡೆ ಏರಿ, ಬಚ್ಚಲ ಕಡೆ ಪೂರಾ ಅರ್ಧ ಗೇಣು ಇಳಿದಿತ್ತು! ನೆಲಕ್ಕೆ ಫರಸಿ ಹಾಸಲು ದಾರ ಕಟ್ಟಿದಾಗಲೆಲ್ಲ ನೀರು ಹರಿದುಹೋಗಲೆಂದು ಬಚ್ಚಲ ಕಡೆಗೆ ಇಳಿಸಿ ಇಳಿಸಿ ಅವನ ಕೈ ಪಳಗಿಹೋಗಿತ್ತು. ಇದು ನೆಲವಲ್ಲ, ಗೋಡೆ ಎಂದು ಆ ಕೈಗೆ ಹೇಳುವವರು ಯಾರು?

"ಇಳಿಜಾರು ಇರಬೇಕು!" ಎಂದು ಅಮೃತಪ್ಪ ಗುಡುಗಿದ. "ನೀರು ನಿಂತ್ರ ಪಾಚಿ ಹಿಡಿತದ!"

ಭಾಗಮ್ಮ ಒಳಗೆ ಹೋಗಿ ತಾಮ್ರದ ಕೊಡ ತಂದು, ಸಮುದ್ರದ ಇಳಿದ ಮೂಲೆಯ ಕೆಳಗೆ ಇಟ್ಟಳು.

"ಎಲ್ಲಾ ಬಚ್ಚಲಕ್ಕ ಹರದು ಹೋಗೂದ್ರಾಗ ಒಂದು ಕೊಡನಾದ್ರೂ ಹಿಡಕೋತೀನಿ."

ಮರುದಿನದಿಂದ ಓಣಿಯೆಲ್ಲ ಬಂದು ನೋಡಿದ್ದು ಸಮುದ್ರವನ್ನಲ್ಲ, ಕೊಡವನ್ನು. ಮನೆಯಲ್ಲಿ ಕೂರಲಾಗದೆ ಅಮೃತಪ್ಪ ಕಲ್ಲಿನ ಖಣಿಗೆ ಹೋದರೆ ಅಲ್ಲಿ, "ಮಿಸ್ತ್ರಿ, ಕೊಡ ತುಂಬ್ತೇನ್ರಿ?" ಸ್ಟೇಷನ್ನಿಗೆ ಹೋದರೆ ಅಲ್ಲೂ ಅದೇ! ವಾರ ತುಂಬುವುದರೊಳಗೆ ಅವನೇ ಹೆಂಡತಿಯ ಗಂಟು ಹೊತ್ತು ಮುಂಬಯಿ ಮೇಲ್ ಹತ್ತಿದ.

ಸಮುದ್ರದ ಮುಂದೆ ಭಾಗಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ನಿಂತಳು. ಅಲೆ ಬಂದು ಪಾದ ತೊಳೆಯಿತು. ಅವಳ ಕಣ್ಣು ತುಂಬಿತು. ಇಷ್ಟು ದಿನ ಇವಳನ್ನು ಕರೆತರದೆ ಇದ್ದದ್ದಕ್ಕೆ ಅಮೃತಪ್ಪನಿಗೆ ನಾಚಿಕೆಯಾಯಿತು. ಆದರೆ ಸುಮ್ಮನೆ ನಿಲ್ಲುವ ಜೀವವೇ ಅದು? ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಚಾಚಿ, ದೂರದಲ್ಲಿ ನೀರು ಆಕಾಶ ಕೂಡುವ ಗೆರೆಯನ್ನು ಎಲ್ಲಾದರೂ ವಾಲಿದೆಯೇ ಎಂದು ಈ ತುದಿಯಿಂದ ಆ ತುದಿಯವರೆಗೆ ಅಳೆಯತೊಡಗಿದ.

ಭಾಗಮ್ಮ ಅವನ ಕಡೆ ತಿರುಗಲೂ ಇಲ್ಲ.

"ಕೈ ಇಳಸ್ರಿ. ಇದನ್ನ ಹಾಸಿದ ಮಿಸ್ತ್ರಿಗೆ ಕೆಲಸ ಬರ್ತದ."