ಬರೇ ತೋರ್ಸಾಕ ಇಟ್ಟ ಕ್ಯಾಮೆರಾ

ಕರ್ಣನಿಗೆ ಕವಚಕುಂಡಲ ಹೇಗೋ ನನಗೆ ಚೌಕಾಸಿ ಹಾಗೆ. ಹುಟ್ಟುವಾಗಲೇ ಮೈಗಂಟಿಕೊಂಡು ಬಂದದ್ದು. ನಾನು ಪೇಟೆಗೆ ಕಾಲಿಟ್ಟರೆ ಗಜೇಂದ್ರಗಡದ ಬದನೆಕಾಯಿಗಳು ಹೆದರಿ ತಾವಾಗಿಯೇ ಅಗ್ಗವಾಗುತ್ತವೆಂದು ಪ್ರತೀತಿ. (ಪ್ರತೀತಿ ಹಬ್ಬಿಸಿದವನು ನಾನೇ.) ಎದುರಿನವರು ಹೇಳಿದ್ದಕ್ಕೆ ಮರುಮಾತಿಲ್ಲದೆ ಒಪ್ಪಿದ್ದು ಒಂದೇ ಸಲ, ನನ್ನ ಮದುವೆಯ ಮಾತುಕತೆಯಲ್ಲಿ. ಆಗ ಎದುರಿಗೆ ಕೂತವರು ನಮ್ಮತ್ತೆ ಸಿದ್ದವ್ವ.

ಇಂಥ ನನ್ನ ಕಣ್ಣಿಗೆ ನರಗುಂದದ ಮಲ್ಲೇಶಪ್ಪನ ಅಂಗಡಿಯಲ್ಲಿ ಒಂದು ಕ್ಯಾಮೆರಾ ಬಿತ್ತು. ಅರ್ಧ ಬೆಲೆ!

“ಯಾಕ ಇಷ್ಟು ಸೋವಿ?”

“ಬರೇ ತೋರ್ಸಾಕ ಇಟ್ಟದ್ದು ನೋಡ್ರಿ ಸಾವ್ಕಾರ್ರ. ಇದನ್ನ ಒಬ್ಬರೂ ಬಳಸಿಲ್ಲ.”

ನೋಡಿದರೆ ವಸ್ತು ಸವೆಯುತ್ತದೆಯೇ? ಆ ಅರ್ಧದಲ್ಲೂ ಕಾಲು ಇಳಿಸಿದೆ. ರೀಲಿನ ಮಾತೆತ್ತಲಿಲ್ಲ. ಎತ್ತಿದರೆ ಅದಕ್ಕೆ ಬೇರೆ ದುಡ್ಡು ಕೇಳುತ್ತಾನೆ. ಸುಮ್ಮನಿದ್ದರೆ ಒಳಗಿದ್ದದ್ದು ಪುಕ್ಕಟೆ ಬರುತ್ತದೆ!

ನನ್ನ ಹೆಂಡತಿ ಗೌರವ್ವನಿಗೆ ಒಂದೇ ಆಸೆ, ತಾಯಿಯ ಫೋಟೋ. ಆದರೆ ಒಂದು ಫೋಟೋ ಒಂದು ವರ್ಷದ ಆಯುಷ್ಯ ನುಂಗುತ್ತದೆ ಎಂಬುದು ಅತ್ತೆಯ ಸಿದ್ಧಾಂತ. ಹತ್ತು ವರ್ಷ ಗೋಗರೆದ ಮೇಲೆ, “ಆತು, ಒಂದ ಒಂದು. ಒಂದು ವರ್ಷ ಮಗಳಿಗೆ ಕೊಟ್ಟೆ” ಎಂದು ರಾಜೂರಿನಿಂದ ಬಂದು, ಇಳಕಲ್ಲ ಸೀರೆ ಉಟ್ಟು, ಕೊರಳಿಗೆ ಬಂಗಾರದ ಬೋರಮಾಳ ಧರಿಸಿ ಕಟ್ಟೆಯ ಮೇಲೆ ವಿರಾಜಮಾನರಾದರು.

ಒತ್ತಿದೆ. “ಕಟ್!” ಆಹಾ, ಏನು ನಾದ! ಬೆರಳು ನಿಲ್ಲಲಿಲ್ಲ.

“ಹನ್ನೆರಡಾತು! ಬಿಡ್ರೀ!” ಎಂದು ಗೌರವ್ವ ಚೀರಿದಳು.

“ಅಳಿಯಂದ್ರ, ನನ್ನ ಕೊಂದ್ರಿ!” ಎಂದು ಅತ್ತೆ ಹಾಸಿಗೆ ಹಿಡಿದರು. (ಸಾಯುವಾಗಲೂ ‘ರಿ’ ಬಿಡಲಿಲ್ಲ, ದೊಡ್ಡ ಮನೆತನ.) ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಬೋರಮಾಳ ಯಾರಿಗೆ, ಎಮ್ಮೆ ಯಾರಿಗೆ ಎಂದು ಹಂಚತೊಡಗಿದರು.

“ನಮ್ಮವ್ವಗ ಏನರ ಆಗಲಿ, ಆ ಡಬ್ಬಿ ಜೋಡಿ ನಿಮ್ಮನ್ನೂ ಬಾವ್ಯಾಗ ಒಗೀತೀನಿ!” ಎಂದಳು ಗೌರವ್ವ.

ಫೋಟೋದಲ್ಲಿ ತಮ್ಮ ಚೆಲುವು ಕಂಡರೆ ಅತ್ತೆ ಎದ್ದು ಕೂತಾರೆಂದು ರೋಣದ ಜಂಗ್ಲಿಸಾಬನ ಸ್ಟುಡಿಯೋಕ್ಕೆ ಓಡಿದೆ. ಅವನು ಕ್ಯಾಮೆರಾ ಅಲುಗಾಡಿಸಿದ, ತೆರೆದ, ನಕ್ಕ.

“ರೀಲು ಹಾಕಾಕ ಜಾಗಾನ ಇಲ್ಲಲ್ರಿ! ಇದು ಕಪಾಟಿನ್ಯಾಗ ತೋರ್ಸಾಕ ಮಾಡಿದ ಖಾಲಿ ಡಬ್ಬಿ. ಕಟ್ ಅಂತೈತಿ, ಅಷ್ಟ.”

ಮಲ್ಲೇಶಪ್ಪ ಸುಳ್ಳು ಹೇಳಿರಲಿಲ್ಲ. ಒಬ್ಬರೂ ಬಳಸಿರಲಿಲ್ಲ, ಬಳಸಲು ಬರುವಂತಿರಲಿಲ್ಲ.

ಬಸ್ಸಿನಲ್ಲಿ ಊರು ಮುಟ್ಟುವವರೆಗೆ ನನ್ನೊಳಗೆ ಕುರುಕ್ಷೇತ್ರ. ನಿಜ ಹೇಳಿದರೆ ಅತ್ತೆ ಉಳಿಯುತ್ತಾರೆ, ನನ್ನ ಕೀರ್ತಿ ಸಾಯುತ್ತದೆ. ಹೇಳದಿದ್ದರೆ ಕೀರ್ತಿ ಉಳಿಯುತ್ತದೆ, ಬಾವಿಗೆ ನಾನು.

ಮನೆಯಲ್ಲಿ ಓಣಿಯೇ ನೆರೆದಿತ್ತು. ಆ ಕ್ಯಾಮೆರಾದ ಚೌಕಾಸಿಯ ಕತೆಯನ್ನು ನನ್ನಿಂದ ಮೂರು ಸಲ ಕೇಳಿದ್ದ ಪಕ್ಕದ ಮನೆಯ ಕಳಕಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ.

ಹಾಸಿಗೆಯಿಂದ ಕ್ಷೀಣ ಸ್ವರ ಬಂತು: “ಅಳಿಯಂದ್ರ, ನನ್ನ ಹನ್ನೆರಡು ವರ್ಷ ಎಲ್ಲಿ ಅದಾವ್ರಿ?”

“ನಿಮ್ಮ ಕಡೇನ ಅದಾವ್ರಿ ಅತ್ತಿಯವರ,” ಅಂದೆ. “ಡಬ್ಬಿ ಖಾಲಿ ಐತಿ.”